ಮತ್ತೆ ಕರೆಸಿಕೊಳ್ಳುವ ಛಾಯಾಗ್ರಾಹಕ



ಈ ಉಪನ್ಯಾಸ ಕಸುಬಿನಲ್ಲಿರುವವರ ಉಪಯೋಗಕ್ಕೆ ಬರುವಂತಿರಬೇಕು ಎಂಬುದು ದತ್ತಿ ಇಟ್ಟವರ ಆಸೆ. ಆದ್ದರಿಂದ ಛಾಯಾಗ್ರಹಣ ಕಲೆಯೋ ಅಲ್ಲವೋ ಎಂಬ ಹಳೆಯ ಚರ್ಚೆಗೆ ನಾನು ಕೈಹಾಕುವುದಿಲ್ಲ. ನಮ್ಮಲ್ಲಿ ಎಲ್ಲರೂ ಒಳಗೊಳಗೇ ಕೇಳಿಕೊಳ್ಳುವ, ನಾಲ್ಕು ಜನರ ಮುಂದೆ ಅಷ್ಟಾಗಿ ಆಡದ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತೇನೆ. ಒಬ್ಬ ಛಾಯಾಗ್ರಾಹಕ ನಲವತ್ತು ಐವತ್ತು ವರ್ಷ ಇದರಲ್ಲೇ ಅನ್ನ ಹುಟ್ಟಿಸಿಕೊಂಡು, ಇದರಲ್ಲೇ ಹೆಸರು ಉಳಿಸಿಕೊಂಡು ಬಾಳುತ್ತಾನೆ. ಅಷ್ಟೇ ಕಣ್ಣು, ಅಷ್ಟೇ ಒಳ್ಳೆಯ ಲೆನ್ಸು ಇದ್ದ ಇನ್ನೊಬ್ಬ ಐದಾರು ವರ್ಷಕ್ಕೆ ಸ್ಟುಡಿಯೋ ಬಾಗಿಲು ಹಾಕಿ ಬೇರೆ ದಾರಿ ಹಿಡಿಯುತ್ತಾನೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ನನಗೆ ತೋಚಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಶಟರ್ ತೆರೆದು ಮುಚ್ಚುವ ಆ ನೂರರಲ್ಲೊಂದು ಸೆಕೆಂಡಿನ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ವೃತ್ತಿ ನಿಂತಿರುವುದು ಅದರ ಹಿಂದಿನ ಮತ್ತು ಮುಂದಿನ ಕೆಲಸದ ಮೇಲೆ. ಎದುರಿಗಿರುವ ಮನುಷ್ಯನ ಹತ್ತಿರ ಹೇಗೆ ಹೋದೆವು, ತೆಗೆದ ಚಿತ್ರವನ್ನು ಆಮೇಲೆ ಏನು ಮಾಡಿದೆವು ಎನ್ನುವುದರ ಮೇಲೆ. ಮೊದಲ ಸಲ ಜನ ನಮ್ಮನ್ನು ಕರೆಯುವುದು ಚಿತ್ರ ನೋಡಿ. ಎರಡನೆಯ ಸಲ ಕರೆಯಬೇಕಾದರೆ ಅವರು ನಮ್ಮನ್ನು ನೋಡಿರುತ್ತಾರೆ.

ಇದನ್ನು ಟಿ. ಎಸ್. ಸತ್ಯನ್ ಅವರ ಬದುಕಿನಿಂದ ವಿವರಿಸುವುದು ಸುಲಭ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡವರು. ಮಹಾರಾಜ ಕಾಲೇಜಿನಲ್ಲಿ ಓದಿದರು. ಶಾಲೆಯಲ್ಲಿ ಪಾಠ ಹೇಳಿದರು, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. 1948ರಲ್ಲಿ ಹುಟ್ಟಿದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಆರಂಭದ ದಿನಗಳಲ್ಲೇ ಅದರ ಛಾಯಾಗ್ರಾಹಕರಾದರು. ಅಲ್ಲಿಂದ ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿ, ಮುಂದೆ ದೆಹಲಿ, ಸ್ವತಂತ್ರ ಛಾಯಾಗ್ರಾಹಕನ ಬದುಕು. ತಿಂಗಳ ಸಂಬಳ ಬಿಟ್ಟು ಕ್ಯಾಮೆರಾ ನಂಬಿ ಬದುಕುತ್ತೇನೆ ಎಂದರೆ ಮನೆಯವರು ಹೆದರುತ್ತಿದ್ದ ಕಾಲ ಅದು. ಲೈಫ್, ಟೈಮ್, ನ್ಯೂಸ್‌ವೀಕ್ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಗೆ, ಯುನಿಸೆಫ್‌ಗೆ ವರ್ಷಗಟ್ಟಲೆ ದುಡಿದರು. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಈ ಪಟ್ಟಿಯನ್ನು ಸನ್ಮಾನ ಪತ್ರದಂತೆ ಓದಿ ಮುಗಿಸಿದರೆ ಅದರಲ್ಲಿರುವ ಪಾಠ ತಪ್ಪಿಹೋಗುತ್ತದೆ. ಅಂದಿನ ಕೆಲಸದ ರೀತಿಯನ್ನು ಸ್ವಲ್ಪ ಕಣ್ಣೆದುರಿಗೆ ತಂದುಕೊಳ್ಳಿ. ದೂರದ ಸಂಪಾದಕನೊಬ್ಬ ಕೆಲಸ ಒಪ್ಪಿಸುತ್ತಾನೆ. ಛಾಯಾಗ್ರಾಹಕ ಯಾವುದೋ ಜಿಲ್ಲೆಯ ಯಾವುದೋ ಹಳ್ಳಿಗೆ ಹೋಗಿ ರೋಲುಗಳನ್ನು ತುಂಬಿಸಿಕೊಂಡು ಬರುತ್ತಾನೆ. ಎಷ್ಟೋ ಸಲ ಅವನ್ನು ತೊಳೆಯದೆಯೇ ವಿಮಾನದ ಪೊಟ್ಟಣದಲ್ಲಿ ಕಳಿಸಬೇಕು. ಏನು ಬಂದಿದೆ ಎಂದು ತೆಗೆದವನಿಗೇ ಗೊತ್ತಿರುವುದಿಲ್ಲ. ಜೊತೆಗೆ ಹೋಗುವುದು ಒಂದು ಹಾಳೆ. ರೋಲಿನ ಸಂಖ್ಯೆ, ಫ್ರೇಮಿನ ಸಂಖ್ಯೆ, ಎಡದಿಂದ ಬಲಕ್ಕೆ ನಿಂತವರ ಹೆಸರು, ಊರು, ದಿನಾಂಕ, ಅವರು ಮಾಡುತ್ತಿದ್ದದ್ದೇನು. ಆ ಹಾಳೆಯಲ್ಲಿ ಒಂದು ಹೆಸರು ತಪ್ಪಿದರೆ ಸಾವಿರಾರು ಮೈಲಿ ಆಚೆಯ ಪತ್ರಿಕೆ ತಪ್ಪನ್ನೇ ಅಚ್ಚುಹಾಕುತ್ತದೆ. ಅಂಥ ಛಾಯಾಗ್ರಾಹಕನನ್ನು ಎರಡನೆಯ ಸಲ ಯಾರು ನಂಬುತ್ತಾರೆ? ಅಷ್ಟು ವರ್ಷ ಆ ಪತ್ರಿಕೆಗಳು, ಆ ಸಂಸ್ಥೆಗಳು ಸತ್ಯನ್ ಅವರ ಬಳಿಗೆ ಬರುತ್ತಲೇ ಇದ್ದವು ಎಂದರೆ ಈ ಹಾಳೆಯ ಕೆಲಸವನ್ನೂ ಅವರು ಚಿತ್ರದಷ್ಟೇ ನಿಷ್ಠೆಯಿಂದ ಮಾಡಿದ್ದರು ಎಂದೇ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಚಿತ್ರಿಸಿದ ಸಿಡುಬು ನಿರ್ಮೂಲನದ ಕೆಲಸವನ್ನೇ ನೋಡೋಣ. ನಮ್ಮ ದೇಶದಲ್ಲಿ ಕೊನೆಯ ಸಿಡುಬು ಕಾಣಿಸಿಕೊಂಡದ್ದು 1975ರ ಮೇ ತಿಂಗಳಲ್ಲಿ. ದೇಶ ಸಿಡುಬಿನಿಂದ ಮುಕ್ತವಾಯಿತೆಂದು 1977ರಲ್ಲಿ ಅಧಿಕೃತವಾಗಿ ಘೋಷಣೆಯಾಯಿತು. ಆರೋಗ್ಯ ಕಾರ್ಯಕರ್ತರು ಎರಡು ಕವಲಿನ ಸೂಜಿ ಹಿಡಿದು ಮನೆಮನೆ ಹುಡುಕಿಕೊಂಡು ಹೋಗುತ್ತಿದ್ದರು. ಅವರ ಹಿಂದೆ ಛಾಯಾಗ್ರಾಹಕನೂ ಒಳಗೆ ಕಾಲಿಡಬೇಕು. ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿದ ಬಾಗಿಲು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡ ತಾಯಿ, ಅಪರಿಚಿತನೊಬ್ಬನ ಕೈಯಲ್ಲಿ ಹೊಳೆಯುವ ಯಂತ್ರ. ಅಲ್ಲಿ ಅಧಿಕಾರ ತೋರಿಸಿದರೆ ಬಾಗಿಲು ಮುಚ್ಚುತ್ತದೆ; ಮುಚ್ಚಿದ ಬಾಗಿಲ ಹಿಂದೆ ರೋಗವೂ ಉಳಿಯುತ್ತದೆ. ಮೊದಲು ಮಾತು, ಆಮೇಲೆ ಕ್ಯಾಮೆರಾ ಎಂಬ ನಡವಳಿಕೆ ಅಲ್ಲಿ ಬರೀ ಸೌಜನ್ಯವಾಗಿರಲಿಲ್ಲ, ಕೆಲಸದ ಒಂದು ಭಾಗವೇ ಆಗಿತ್ತು. ಸತ್ಯನ್ ಅವರ ಮಕ್ಕಳ ಚಿತ್ರಗಳಲ್ಲಿ ಬಡತನವಿದೆ, ದೈನ್ಯವಿಲ್ಲ. ಎದುರಿಗಿರುವವರು ಛಾಯಾಗ್ರಾಹಕನನ್ನು ತಮ್ಮವನೆಂದು ಒಪ್ಪಿಕೊಂಡ ಮೇಲೆ ಬರುವ ಮುಖಭಾವ ಅದು. ಯಾವ ಲೆನ್ಸೂ ಅದನ್ನು ತಂದುಕೊಡುವುದಿಲ್ಲ.

ಅವರಿಗೆ ಇನ್ನೊಂದು ಬಲವಿತ್ತು. ಅವರು ಬರೆಯಬಲ್ಲವರಾಗಿದ್ದರು. ಚಿತ್ರದ ಜೊತೆ ಲೇಖನವನ್ನೂ ಕೊಡಬಲ್ಲವನಿಗೆ ಸಂಪಾದಕರು ಇಡೀ ಪುಟ ಬಿಟ್ಟುಕೊಡುತ್ತಾರೆ. ಕೊನೆಗಾಲದಲ್ಲಿ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂದೂ ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂದೂ ಪುಸ್ತಕ ಮಾಡಿದರು. ಈ ಸಭೆಯ ಹಿಂದಿನ ಸಾಲುಗಳಲ್ಲಿ ಕ್ಯಾಮೆರಾ ಹಿಡಿದು ಕುಳಿತಿರುವ ಹುಡುಗ ಹುಡುಗಿಯರಿಗೆ ನಾನು ಕೊಡುವ ಮೊದಲ ಸಲಹೆ ಇದೇ. ಹೊಸ ಲೆನ್ಸಿಗೆ ದುಡ್ಡು ಕೂಡಿಡುವ ಹೊತ್ತಿನಲ್ಲಿ ದಿನಕ್ಕೆ ಅರ್ಧ ಪುಟ ಕನ್ನಡ ಬರೆಯುವುದನ್ನೂ ರೂಢಿ ಮಾಡಿಕೊಳ್ಳಿ.

ಸತ್ಯನ್ ಕೊನೆಯವರೆಗೆ ಉಳಿದದ್ದು ಒಂದು ಕಥೆಯಾದರೆ, ಹೋಮೈ ವ್ಯಾರವಾಲಾ ಬಿಟ್ಟು ಹೋದದ್ದು ಇನ್ನೊಂದು. 1913ರಲ್ಲಿ ನವಸಾರಿಯಲ್ಲಿ ಹುಟ್ಟಿದ ಆಕೆ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸೈಕಲ್ಲಿನಲ್ಲಿ ದೆಹಲಿ ಸುತ್ತಿದವರು. ದೇಶ ವಿಭಜನೆಯ ಯೋಜನೆಗೆ ಕಾಂಗ್ರೆಸ್ಸಿನ ನಾಯಕರು ಕೈಯೆತ್ತಿದ ಸಭೆ, ಮೌಂಟ್‌ಬ್ಯಾಟನ್ನರ ನಿರ್ಗಮನ, ಗಾಂಧೀಜಿಯ ಅಂತ್ಯಯಾತ್ರೆ ಎಲ್ಲವೂ ಅವರ ನೆಗೆಟಿವ್‌ಗಳಲ್ಲಿವೆ. 1970ರಲ್ಲಿ ಅವರು ಈ ಕೆಲಸವನ್ನೇ ಬಿಟ್ಟರು. ಆಮೇಲೆ ಬದುಕಿದ ನಾಲ್ಕು ದಶಕಗಳಲ್ಲಿ ಕ್ಯಾಮೆರಾವನ್ನು ವೃತ್ತಿಗೆಂದು ಕೈಗೆತ್ತಿಕೊಳ್ಳಲಿಲ್ಲ. ಗಂಡ ತೀರಿಹೋದ ಮಾರನೆಯ ವರ್ಷ ಅದು, ನಿಜ. ಆದರೆ ಕಿರಿಯ ಪತ್ರಿಕಾ ಛಾಯಾಗ್ರಾಹಕರ ನಡವಳಿಕೆ ತಮಗೆ ಸರಿಬರಲಿಲ್ಲ, ಘನತೆ ಕೆಟ್ಟ ಗುಂಪಿನೊಳಗೆ ಇರಲಾರೆ ಎಂಬ ಕಾರಣವನ್ನು ಅವರೇ ಹೇಳಿಕೊಂಡಿದ್ದಾರೆ. 2011ರಲ್ಲಿ ಪದ್ಮವಿಭೂಷಣ ಬಂತು, 2012ರ ಜನವರಿಯಲ್ಲಿ ತೀರಿಕೊಂಡರು. ಕೆಲಸ ಬಿಟ್ಟು ನಲವತ್ತು ವರ್ಷವಾದ ಮೇಲೂ ದೇಶ ಅವರನ್ನು ಹುಡುಕಿಕೊಂಡು ಹೋದದ್ದು ಆ ನೆಗೆಟಿವ್‌ಗಳು ಉಳಿದಿದ್ದರಿಂದ. ಅವು ಈಗ ದೆಹಲಿಯ ಅಲ್ಕಾಜಿ ಪ್ರತಿಷ್ಠಾನದ ಸುಪರ್ದಿಯಲ್ಲಿವೆ. ಒಬ್ಬ ಛಾಯಾಗ್ರಾಹಕಿಯ ವೃತ್ತಿ ಮುಗಿಯಿತೆಂದು ಯಾವಾಗ ಹೇಳಬೇಕು ಎಂದು ನನ್ನನ್ನು ಕೇಳಿದರೆ 1970 ಎನ್ನಲು ನಾಲಗೆ ಏಳುವುದಿಲ್ಲ.

ದೊಡ್ಡವರ ಮಾತು ಸಾಕು; ನಮ್ಮ ನಿಮ್ಮ ಅನ್ನಕ್ಕೆ ಬರೋಣ. ಈ ಸಭೆಯಲ್ಲಿರುವ ಬಹುಪಾಲು ಜನರ ಮನೆ ನಡೆಯುವುದು ಮದುವೆಯಿಂದ. ಮದುವೆ ಫೋಟೋಗ್ರಫಿಯನ್ನು ಕೀಳೆಂದು ಭಾವಿಸುವ ಒಂದು ಜಾತಿಪದ್ಧತಿ ನಮ್ಮ ಕಸುಬಿನೊಳಗೇ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಮದುವೆಮನೆಯಷ್ಟು ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ.

ಧಾರೆ ಮಂಟಪದ ಆ ಐದು ನಿಮಿಷ ನೋಡಿ. ಅಂತರಪಟ ಹಿಡಿದಿದ್ದಾರೆ. ಈ ಕಡೆ ವರ, ಆ ಕಡೆ ವಧು, ಇಬ್ಬರ ಮುಷ್ಟಿಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕ ಮುಗಿಯುವ ಹೊತ್ತಿಗೆ ಪುರೋಹಿತರು ಕೈಯೆತ್ತುತ್ತಾರೆ, ಓಲಗದವರು ಗಟ್ಟಿಮೇಳ ಬಾರಿಸುತ್ತಾರೆ, ಪಟ ಸರಿಯುತ್ತದೆ. ಆ ಹುಡುಗಿ ತಲೆಯೆತ್ತಿ ನೋಡುವ ನೋಟ ಅರೆಗಳಿಗೆಯದು. ಅಷ್ಟರಲ್ಲಿ ಹಿಂದಿನಿಂದ ಅಕ್ಷತೆ ಹಾರುತ್ತದೆ, ಯಾರದೋ ಕೈ, ಯಾರದೋ ಮೊಬೈಲು ಅಡ್ಡ ಬರುತ್ತದೆ. ಸೋದರಮಾವ ಮುಂದೆ ಬಾಗುತ್ತಾನೆ. ತಾಳಿ ಕಟ್ಟುವಾಗ ವರನ ಬೆನ್ನೇ ಕ್ಯಾಮೆರಾದ ತುಂಬ. ಇದನ್ನೆಲ್ಲ ಮೊದಲೇ ಬಲ್ಲ ಛಾಯಾಗ್ರಾಹಕ ಬೆಳಗಿನ ಕಾಫಿಯ ಹೊತ್ತಿಗೇ ಪುರೋಹಿತರ ಹತ್ತಿರ ಹೋಗಿ ನಮಸ್ಕಾರ ಹೇಳಿ, ಮಾಂಗಲ್ಯ ಯಾವ ಕಡೆಯಿಂದ ಎಂದು ಕೇಳಿಕೊಂಡಿರುತ್ತಾನೆ. ವಾದ್ಯದವರ ಮುಖ ಕಾಣುವ ಹಾಗೆ ನಿಂತಿರುತ್ತಾನೆ, ಏಕೆಂದರೆ ಸೂಚನೆ ಬರುವುದು ಅಲ್ಲಿಂದ. ವಿಡಿಯೋದವನಿಗೂ ತನಗೂ ಜಾಗ ಹಂಚಿಕೊಂಡಿರುತ್ತಾನೆ. ಮನೆಯ ಹಿರಿಯ ಅಜ್ಜಿ ಯಾರು, ಮಾತುಬಿಟ್ಟ ಅಣ್ಣತಮ್ಮಂದಿರು ಯಾರು, ಯಾರನ್ನು ಯಾರ ಪಕ್ಕ ನಿಲ್ಲಿಸಬಾರದು ಎಂಬುದೂ ಅವನಿಗೆ ಗೊತ್ತಿರುತ್ತದೆ. ಆ ಅಜ್ಜಿಯ ಒಂದು ಒಂಟಿ ಭಾವಚಿತ್ರವನ್ನು ಯಾರೂ ಹೇಳದೆಯೇ ತೆಗೆದಿಟ್ಟಿರುತ್ತಾನೆ. ಒಂದೆರಡು ವರ್ಷಕ್ಕೆ ಆ ಮನೆಯಿಂದ ಫೋನು ಬರುತ್ತದೆ, ಅಜ್ಜಿಯ ಫೋಟೋ ಬೇಕಿತ್ತು, ಗೋಡೆಗೆ ಹಾಕಬೇಕು ಎಂದು. ಆ ಫೋನಿಗೆ ‘ಇದೆ, ಸಂಜೆಯೊಳಗೆ ಕಳಿಸುತ್ತೇನೆ’ ಎನ್ನಬಲ್ಲವನ ಸ್ಟುಡಿಯೋಗೆ ಆ ಮನೆಯ ಮುಂದಿನ ತಲೆಮಾರೂ ಬರುತ್ತದೆ.

ಮದುವೆಯ ಮುಂಗಡ ಪಡೆದು, ಆಲ್ಬಂ ಕೇಳಿದಾಗಲೆಲ್ಲ ‘ಪ್ರಿಂಟಿಗೆ ಹೋಗಿದೆ’ ಎನ್ನುತ್ತ, ಮಗುವಿನ ನಾಮಕರಣ ಬಂದರೂ ಕೊಡದವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರು ನಿಜಕ್ಕೂ ಪ್ರತಿಭಾವಂತರು. ಅವರ ಚಿತ್ರ ನೋಡಿದಾಗ ಹೊಟ್ಟೆ ಉರಿಯುವಷ್ಟು ಚೆಂದ. ಆದರೂ ಅವರ ಹೆಸರು ಒಂದು ಊರಿನಲ್ಲಿ ಕೆಡಲು ಮೂರು ಮದುವೆ ಸಾಕು.

ಮಲೆನಾಡಿನ ಒಂದು ಪೇಟೆಯ ಸ್ಟುಡಿಯೋದಲ್ಲಿ ನಾನು ಕೆಲಸ ಕಲಿತದ್ದು. ಅಲ್ಲಿ ಕಿಟಕಿಗೆ ಒತ್ತಿ ಇಟ್ಟ ಓರೆ ಹಲಗೆಯೊಂದಿತ್ತು. ನಡುವೆ ಗಾಜಿನ ಕಿಂಡಿ, ಕೆಳಗೆ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಅದರ ಮೇಲೆ ನೆಗೆಟಿವ್ ಇಟ್ಟು ರಿಟಚಿಂಗ್ ಮಾಡುವುದು. ನೆಗೆಟಿವ್‌ನ ಮೈಗೆ ತೆಳುವಾಗಿ ಅಂಟುದ್ರವ ಸವರಬೇಕು, ಇಲ್ಲವಾದರೆ ಸೀಸ ಹಿಡಿಯದು. ಪೆನ್ಸಿಲ್ಲಿನ ಮೊನೆಯನ್ನು ಮರಳುಕಾಗದದ ಮೇಲೆ ಉದ್ದಕ್ಕೆ ತೀಡಿ ಸೂಜಿಯ ಹಾಗೆ ಮಾಡಬೇಕು. ನೆಗೆಟಿವ್‌ನಲ್ಲಿ ಕಪ್ಪು ಬಿಳಿ ಅದಲುಬದಲು. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತಿಳಿಯಾದ ಚುಕ್ಕೆ. ಆ ಚುಕ್ಕೆಯನ್ನು ಅಲ್ಪವಿರಾಮದಂಥ ಸಣ್ಣ ಗೀರುಗಳಿಂದ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಒಂದು ಗೀರು ಹೆಚ್ಚಾದರೆ ಬಿಳಿ ಮಚ್ಚೆ. ಮಾಲೀಕರು ಮೊಡವೆ ತೆಗೆಸುತ್ತಿದ್ದರು, ಕಣ್ಣಿನ ಕೆಳಗಿನ ಗೆರೆಯನ್ನು ತಿಳಿಗೊಳಿಸುತ್ತಿದ್ದರು. ಸುಕ್ಕನ್ನು ಪೂರ್ತಿ ಅಳಿಸಲು ಬಿಡುತ್ತಿರಲಿಲ್ಲ, ಸಿಡುಬಿನ ಕಲೆಯನ್ನು ಕೇಳದೆ ಮುಟ್ಟುತ್ತಿರಲಿಲ್ಲ. ಮನೆಯವರಿಗೆ ಗುರುತು ಸಿಗಬೇಕಲ್ಲ ಎನ್ನುತ್ತಿದ್ದರು. ಇಂದು ಒಂದೇ ಒತ್ತಿಗೆ ಮುಖವೆಲ್ಲ ನುಣ್ಣಗಾಗುವ ಕಾಲದಲ್ಲಿ ಎಲ್ಲಿ ನಿಲ್ಲಿಸಬೇಕೆಂಬ ಆ ತಿಳಿವಳಿಕೆ ಇನ್ನಷ್ಟು ಬೆಲೆಯುಳ್ಳದ್ದು. ಇಲ್ಲದ್ದನ್ನೂ ಯಂತ್ರವೇ ಚಿತ್ರವಾಗಿ ಹುಟ್ಟಿಸಿಕೊಡುವ ದಿನಗಳಿವು. ‘ನಾನು ಅಲ್ಲಿದ್ದೆ, ಇದನ್ನು ನೋಡಿದೆ’ ಎಂದು ಹೇಳಬಲ್ಲವನ ಮಾತಿಗೆ ಇನ್ನು ಮುಂದೆ ಬೇಡಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು ಎಂಬುದು ನನ್ನ ನಂಬಿಕೆ.

ಆ ಸ್ಟುಡಿಯೋ ಉಳಿದದ್ದು ಹೇಗೆಂದು ನಾನು ಆಗಾಗ ಯೋಚಿಸುತ್ತೇನೆ. ಅದರ ಜೀವಿತಕಾಲದಲ್ಲೇ ಗಾಜಿನ ಪ್ಲೇಟು ಹೋಗಿ ರೋಲ್ ಫಿಲ್ಮು ಬಂತು, ಕಪ್ಪುಬಿಳುಪು ಹೋಗಿ ಬಣ್ಣ ಬಂತು, ಕತ್ತಲೆಕೋಣೆ ಹೋಗಿ ಪೇಟೆಯ ಕಲರ್ ಲ್ಯಾಬು ಬಂತು, ಲ್ಯಾಬೂ ಹೋಗಿ ಡಿಜಿಟಲ್ ಬಂತು. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲೇ ತನ್ನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಅವರ ಕೈಯಿಂದ ಮಾಡಿಸಿದ್ದ ಕೊಡಾಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಸರ್ಕಾರದ ಕೆಲಸಗಳೂ ಹಾಗೆಯೇ ಬಂದವು, ಹೋದವು. 1993ರಿಂದ ಮತದಾರರ ಭಾವಚಿತ್ರವಿರುವ ಗುರುತಿನ ಚೀಟಿ ಬಂದಾಗ ಹಳ್ಳಿಹಳ್ಳಿಗೆ ಹೋಗಿ ಫೋಟೋ ತೆಗೆಯುವ ಕೆಲಸ ಸಿಕ್ಕಿತು. ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ, ಆಧಾರ್ ನೋಂದಣಿಯಲ್ಲಿ ಸ್ಥಳದಲ್ಲೇ ಮುಖ ಹಿಡಿದುಕೊಳ್ಳಲು ಶುರುಮಾಡಿದಾಗ ಪಾಸ್‌ಪೋರ್ಟ್ ಸೈಜಿನ ಆದಾಯ ಸೋರಿಹೋಯಿತು. ಯಂತ್ರವನ್ನೇ ವಿದ್ಯೆ ಎಂದುಕೊಂಡವರು ಪ್ರತಿ ತಿರುವಿನಲ್ಲೂ ಉದುರಿದರು. ನನ್ನ ಮಾಲೀಕರು ಬದಲಾವಣೆಯನ್ನು ಪ್ರೀತಿಸಿದವರೇನಲ್ಲ. ಬಣ್ಣ ಬಂದಾಗ ತಿಂಗಳುಗಟ್ಟಲೆ ಗೊಣಗಿದರು. ಆದರೂ ಕಲಿತರು. ಊರಿನವರ ಮುಖ ತಮಗೆ ಗೊತ್ತು, ತಮ್ಮ ಬಾಗಿಲು ಊರಿಗೆ ಗೊತ್ತು, ಇದು ಮಾತ್ರ ಬದಲಾಗಿಲ್ಲ ಎಂಬುದನ್ನು ಅವರು ಬಿಗಿಯಾಗಿ ಹಿಡಿದುಕೊಂಡಿದ್ದರು.

ಕಾಡಿನಲ್ಲಿ ಕೆಲಸ ಮಾಡುವವರಿಗೂ ಇದೇ ಅನ್ವಯ. ಕಾಡಿನ ಚಿತ್ರದಿಂದ ಹೊಟ್ಟೆ ಹೊರೆಯಬಹುದೆಂದು ಯಾರೂ ನಂಬದಿದ್ದ ಕಾಲದಲ್ಲಿ ಬೆಂಗಳೂರಿನ ಇ. ಹನುಮಂತರಾವ್ ಅದನ್ನೇ ವೃತ್ತಿ ಮಾಡಿಕೊಂಡರು. ಒ. ಸಿ. ಎಡ್ವರ್ಡ್ಸ್ ಅವರಲ್ಲಿ ಕಲಿತ ಟಿ. ಎನ್. ಎ. ಪೆರುಮಾಳ್ 2017ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ವಿದ್ಯೆಯನ್ನು ಕಿರಿಯರಿಗೆ ಧಾರೆಯೆರೆದರು. ಮೈಸೂರಿನ ಜೋಡಿ ಕೃಪಾಕರ ಮತ್ತು ಸೇನಾನಿ ಕಾಡಿನಂಚಿನಲ್ಲಿ ನೆಲೆನಿಂತು ಕಾಡುನಾಯಿಗಳ ಬೆನ್ನುಹತ್ತಿದರು. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಈ ಇಬ್ಬರನ್ನೂ ಹದಿನಾಲ್ಕು ದಿನ ಒತ್ತೆಯಿಟ್ಟುಕೊಂಡಿದ್ದ ಸಂಗತಿ ಎಲ್ಲರಿಗೂ ನೆನಪಿದೆ. ಬಿಡುಗಡೆಯಾದ ಮೇಲೂ ಅವರು ಅದೇ ಕಾಡಿಗೆ ಹಿಂತಿರುಗಿ ಹೋದದ್ದು ನನ್ನ ವಿಷಯಕ್ಕೆ ಮುಖ್ಯ. ಸ್ಥಿರಚಿತ್ರದಿಂದ ಚಲನಚಿತ್ರಕ್ಕೆ ಬಂದರು. ಕಾಡುನಾಯಿಗಳ ಮೇಲಿನ ‘ದಿ ಪ್ಯಾಕ್’ ಚಿತ್ರ 2010ರಲ್ಲಿ ಗ್ರೀನ್ ಆಸ್ಕರ್ ಎಂದು ಕರೆಯುವ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಪಡೆಯಿತು. ಈ ಕಾಡುನಾಯಿ, ಅಂದರೆ ಕೆನ್ನಾಯಿ, ಹುಲಿಯ ಹಾಗೆ ಪ್ರವಾಸಿಗರನ್ನು ಸೆಳೆಯುವ ಪ್ರಾಣಿಯಲ್ಲ. ಬೇಟೆಗಾರರ ಕಾಲದಲ್ಲಿ ಅದನ್ನು ಕೊಂದರೆ ಇನಾಮು ಸಿಗುತ್ತಿತ್ತು. ಅಂಥದ್ದನ್ನು ಹಿಡಿದು ವರ್ಷಗಟ್ಟಲೆ ಕೂತರು. ಕೊನೆಗೆ ಕೆನ್ನಾಯಿಯ ಮಾತು ಬಂದರೆ ಜಗತ್ತಿನವರು ಅವರನ್ನೇ ಕೇಳಬೇಕಾಯಿತು. ಈಗ ಕಬಿನಿಯಲ್ಲಿ ಸಾಲುಗಟ್ಟಿ ನಿಂತ ಜೀಪುಗಳಿಂದ ಒಂದೇ ಹುಲಿಯ ಸಾವಿರ ಚಿತ್ರ ತೆಗೆಯುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಳ್ಳೆಯ ಉಪಕರಣ, ಒಳ್ಳೆಯ ಕೈ. ಆದರೆ ಆ ಚಿತ್ರಕ್ಕೆ ಇವರನ್ನೇ ಕರೆಯಬೇಕೆಂದು ಯಾರಿಗೆ ಏಕೆ ಅನ್ನಿಸಬೇಕು? ನಿಮ್ಮ ಊರಿನ ಕೆರೆಯನ್ನು, ಸಂತೆಯನ್ನು, ಒಂದು ಯಕ್ಷಗಾನ ಮೇಳವನ್ನು, ಒಂದು ಕುಂಬಾರರ ಕೇರಿಯನ್ನು ಇಪ್ಪತ್ತು ವರ್ಷ ಬಿಡದೆ ಚಿತ್ರಿಸಿದರೆ ಆ ವಿಷಯಕ್ಕೆ ನಿಮ್ಮ ಬಾಗಿಲಿಗೇ ಬರಬೇಕಾಗುತ್ತದೆ. ಎ. ಎನ್. ಮುಕುಂದ ಅವರು ಕನ್ನಡ ಲೇಖಕರ ಮುಖಗಳನ್ನು ಹೀಗೆ ಪಟ್ಟುಹಿಡಿದು ತೆಗೆದರು. ಇಂದು ಕನ್ನಡ ಸಾಹಿತ್ಯವನ್ನು ನೆನೆದಾಗ ನಮ್ಮ ಕಣ್ಮುಂದೆ ಬರುವ ಎಷ್ಟೋ ಮುಖಗಳು ಅವರ ಕ್ಯಾಮೆರಾದಿಂದ ಬಂದವು.

ಇನ್ನು ದುಡ್ಡಿನ ಮಾತು. ನಮ್ಮವರು ಸಂಕೋಚಪಡುವುದೇ ಇಲ್ಲಿ, ನಷ್ಟಪಡುವುದೂ ಇಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಈ ಸಭೆಯಲ್ಲಿ ಎಷ್ಟು ಜನ ತೆರೆದು ನೋಡಿದ್ದೀರಿ? ಅದರ 17ನೆಯ ಕಲಂ ಪ್ರಕಾರ ಹಣ ಕೊಟ್ಟು ಒಬ್ಬರು ಫೋಟೋ ತೆಗೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಮೊದಲ ಹಕ್ಕುದಾರರು ತೆಗೆಸಿದವರೇ. ತೆಗೆದವನಲ್ಲ. ‘ಬೇರೆ ಒಪ್ಪಂದವಿಲ್ಲದಿದ್ದಲ್ಲಿ’ ಎಂಬ ಆ ಮಾತಿನಲ್ಲಿ ನಮ್ಮ ಬದುಕೇ ಇದೆ. ಒಂದು ಪುಟದ ಕರಾರು ಬರೆದುಕೊಂಡರೆ ಹಕ್ಕು ನಿಮ್ಮಲ್ಲಿ ಉಳಿಯುತ್ತದೆ. ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ಹೋಗುತ್ತದೆ. ಪತ್ರಿಕೆಯಲ್ಲಿ ನೌಕರಿಯಲ್ಲಿರುವವರ ವಿಚಾರ ಬೇರೆ. ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದು. ಕರಾರಿನಲ್ಲಿ ಬೇರೆಯಾಗಿ ಬರೆದುಕೊಡದಿದ್ದರೆ ಮಿಕ್ಕ ಹಕ್ಕು ತೆಗೆದವರಲ್ಲೇ ನಿಲ್ಲುತ್ತದೆ. ಹಕ್ಕನ್ನು ಯಾರಿಗಾದರೂ ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದೇ ತಿಳಿಯುತ್ತದೆ, ಸ್ಥಳ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದು. 2012ರ ತಿದ್ದುಪಡಿ ನಮಗೆ ದೊಡ್ಡ ಉಪಕಾರ ಮಾಡಿದೆ. ಅದಕ್ಕೆ ಮುಂಚೆ ಫೋಟೋದ ಹಕ್ಕು ಪ್ರಕಟವಾದ ದಿನದ ಲೆಕ್ಕದಲ್ಲಿ 60 ವರ್ಷ ಇರುತ್ತಿತ್ತು. ಈಗ ಕವಿಗೆ, ಕಾದಂಬರಿಕಾರನಿಗೆ ಇರುವ ಹಾಗೆಯೇ ಛಾಯಾಗ್ರಾಹಕನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಇನ್ನು 57ನೆಯ ಕಲಂ. ಹಕ್ಕನ್ನು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ತೆಗೆದವರದೇ. ಒಂದು ಸಂಸ್ಥೆಯ ಕ್ಯಾಲೆಂಡರಿನಲ್ಲಿ ನನ್ನ ಚಿತ್ರ ಹೆಸರಿಲ್ಲದೆ ತೂಗುತ್ತಿದ್ದುದನ್ನು ನೋಡಿ ನಾನು ಪತ್ರ ಬರೆದದ್ದು ಈ ಕಲಮನ್ನು ಓದಿಕೊಂಡ ಮೇಲೆಯೇ. ಜಗಳವಾಡಲಿಲ್ಲ, ಕಲಮಿನ ಸಂಖ್ಯೆ ಬರೆದೆ. ಮರುಮುದ್ರಣದಲ್ಲಿ ಹೆಸರು ಬಂತು, ಹಣವೂ ಬಂತು. ಅಲ್ಲಿಂದಾಚೆ ಅವರೇ ಮತ್ತೆರಡು ಕೆಲಸ ಕೊಟ್ಟರು. ಕಾಗದಪತ್ರ ನೇರವಾಗಿಟ್ಟುಕೊಂಡವನ ಮೇಲೆ ಗಿರಾಕಿಗೆ ಗೌರವ ಹುಟ್ಟುತ್ತದೆ. ಕೇಳಿದರೆ ಕೆಲಸ ಕೈತಪ್ಪುತ್ತದೆ ಎಂಬ ಭಯವನ್ನು ದಯವಿಟ್ಟು ಬಿಡಿ.

ಹಕ್ಕು ಇದ್ದರೇನು, ಚಿತ್ರವೇ ಉಳಿಯದಿದ್ದರೆ? ಕೋಲ್ಕತ್ತದ ಬೋರ್ನ್ ಅಂಡ್ ಶೆಫರ್ಡ್ 1860ರ ದಶಕದ ಸ್ಟುಡಿಯೋ, ಜಗತ್ತಿನ ಅತಿ ಹಳೆಯ ಸ್ಟುಡಿಯೋಗಳಲ್ಲಿ ಒಂದು. 1991ರ ಬೆಂಕಿಯಲ್ಲಿ ಅದರ ಸಂಗ್ರಹದ ಬಹುಭಾಗ ಸುಟ್ಟುಹೋಯಿತು. 2016ರಲ್ಲಿ ಅದು ಬಾಗಿಲು ಮುಚ್ಚಿದಾಗ ಮುಚ್ಚಲು ಉಳಿದಿದ್ದದ್ದು ಒಂದು ಹೆಸರು ಮಾತ್ರ ಎನ್ನಬೇಕು. ಲಾಲಾ ದೀನ್ ದಯಾಳ್ ಅವರ ಕಥೆ ಬೇರೆ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತ ಕ್ಯಾಮೆರಾ ಹಿಡಿದು, ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾದವರು. ಪರದೆಯ ಹೆಂಗಸರಿಗಾಗಿ 1892ರಲ್ಲಿ ಹೆಂಗಸರೇ ನಡೆಸುವ ಜನಾನಾ ಸ್ಟುಡಿಯೋ ತೆರೆದದ್ದು ಅವರ ದೂರದೃಷ್ಟಿ. 1905ರಲ್ಲಿ ಅವರು ತೀರಿಕೊಂಡರು. ಆದರೆ ಗಾಜಿನ ನೆಗೆಟಿವ್‌ಗಳು ಸಂಖ್ಯೆ ಬರೆಸಿಕೊಂಡು ಮನೆತನದಲ್ಲಿ ಉಳಿದವು. ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರ 2,500ಕ್ಕೂ ಹೆಚ್ಚು ಪ್ಲೇಟುಗಳನ್ನು ಪಡೆದು ಕಾಪಾಡಿದೆ.

ನಮ್ಮ ಹಂಪಿಯದೇ ಉದಾಹರಣೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಚಿತ್ರಿಸಿದ. ಅವು ಉಳಿದುಕೊಂಡವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು, ಅದೇ ಕೋನ ಹಿಡಿದು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರ ಕುಸಿದಿದೆ ಎಂದು ಬೆರಳಿಟ್ಟು ತೋರಿಸಬಹುದು. ಗ್ರೀನ್‌ಲಾ ವೃತ್ತಿಯವನಲ್ಲ. ಆದರೂ ನೂರಿಪ್ಪತ್ತೇಳು ವರ್ಷದ ನಂತರ ಅವನ ಕೆಲಸ ಬೇಕಾಯಿತು.

ನಮ್ಮ ಮಳೆನಾಡಿನಲ್ಲಿ ಶತ್ರು ಬೆಂಕಿಯಲ್ಲ, ತೇವ. ಗಾಳಿಯ ಆರ್ದ್ರತೆ ಶೇಕಡ 60 ದಾಟಿತೆಂದರೆ ಲೆನ್ಸಿನೊಳಗೂ ನೆಗೆಟಿವ್ ಮೇಲೂ ಬೂಷ್ಟು ಹಬ್ಬಲು ಶುರು. ಆಸಿಟೇಟ್ ಫಿಲ್ಮು ಹಳತಾದರೆ ವಿನಿಗರಿನ ಹುಳಿ ವಾಸನೆ ಬರುತ್ತದೆ. ಆ ವಾಸನೆ ಬಂದ ಡಬ್ಬವನ್ನು ಮಿಕ್ಕವುಗಳ ಜೊತೆ ಇಟ್ಟರೆ ಎಲ್ಲಕ್ಕೂ ಹರಡುತ್ತದೆ. ಪ್ಲಾಸ್ಟಿಕ್ ಕವರಿನಿಂದ ಬಿಡಿಸಿ ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ. ಅಟ್ಟದಿಂದ ಇಳಿಸಿ, ನೆಲದಿಂದ ಎತ್ತಿ, ಗಾಳಿಯಾಡುವ ಒಣಜಾಗದಲ್ಲಿ ಇಡಿ. ಡಿಜಿಟಲ್ ಕಡತಗಳಿದ್ದವರು ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಪ್ರತಿ ಬೇರೆ ಮನೆಯಲ್ಲಿ ಇರಲಿ. ಒಂದೇ ಹಾರ್ಡ್ ಡಿಸ್ಕ್ ನಂಬಿ ಹತ್ತು ವರ್ಷದ ಮದುವೆಗಳನ್ನು ಕಳೆದುಕೊಂಡವರ ಮುಖ ನಾನು ನೋಡಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ ಹೆಸರು ಬರೆಯಿರಿ. ಹೆಸರಿಲ್ಲದ ನೆಗೆಟಿವ್ ಅರ್ಧ ಸತ್ತ ಹಾಗೆ. ನನ್ನ ಮಾಲೀಕರ ದಿನಚರಿ ಪುಸ್ತಕದಲ್ಲಿ ಪ್ರತಿ ಸಾಲಿಗೂ ನೆಗೆಟಿವ್ ಸಂಖ್ಯೆ, ದಿನಾಂಕ, ಹೆಸರು, ಊರು, ಯಾರ ಮಗ ಅಥವಾ ಯಾರ ಸೊಸೆ, ಎಷ್ಟು ಪ್ರತಿ, ಬಾಕಿ ಎಷ್ಟು ಎಂದೆಲ್ಲ ಇರುತ್ತಿತ್ತು. ಅಣೆಕಟ್ಟಿನಲ್ಲಿ ಮುಳುಗಿ ಚದುರಿಹೋದ ಹಳ್ಳಿಗಳವರು ಅಜ್ಜನ ಫೋಟೋ ಹುಡುಕಿಕೊಂಡು ಬಂದಾಗ, ಬರೀ ಊರಿನ ಹೆಸರು ಹಿಡಿದು ಅವರು ಡಬ್ಬ ತೆಗೆದುಕೊಡುವುದನ್ನು ಕಂಡಿದ್ದೇನೆ.

ಆದ್ದರಿಂದ ದತ್ತಿಯ ಟ್ರಸ್ಟಿಗಳ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಈ ದತ್ತಿಯ ಮುಂದಿನ ವರ್ಷದ ಬಡ್ಡಿಯಲ್ಲಿ ಅರ್ಧವನ್ನಾದರೂ ಉಪನ್ಯಾಸದ ಬದಲು ಹಳೆಯ ನೆಗೆಟಿವ್‌ಗಳನ್ನು ಹೆಸರಿನ ಸಮೇತ ಉಳಿಸುವ ಕೆಲಸಕ್ಕೆ ಕೊಡಿ. ಜಿಲ್ಲೆಯ ಹಳೆಯ ಸ್ಟುಡಿಯೋಗಳ ಪಟ್ಟಿ ಮಾಡಿಸಿ. ಇಲ್ಲಿನ ಕಾಲೇಜಿನ ಇತಿಹಾಸ ವಿಭಾಗದ, ಕನ್ನಡ ವಿಭಾಗದ ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ಆ ಸ್ಟುಡಿಯೋಗಳಿಗೆ ಕಳಿಸಿ. ಒಬ್ಬರು ನೆಗೆಟಿವ್ ಒರೆಸಿ ಲಕೋಟೆಗೆ ಹಾಕಲಿ, ಒಬ್ಬರು ಸ್ಕ್ಯಾನ್ ಮಾಡಲಿ, ಇನ್ನೊಬ್ಬರು ಮಾಲೀಕರ ಪಕ್ಕ ಕುಳಿತು ಇದು ಯಾರು, ಎಲ್ಲಿಯವರು, ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಲಿ. ಚಿತ್ರದ ಹಕ್ಕು ಸ್ಟುಡಿಯೋದವರದೋ ತೆಗೆಸಿಕೊಂಡ ಮನೆಯವರದೋ ಎಂಬುದನ್ನು ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಳ್ಳಿ. ಮನೆಯವರನ್ನು ಕೇಳದೆ ಯಾವ ಮುಖವನ್ನೂ ಬಹಿರಂಗ ಮಾಡಬೇಡಿ. ಅಟ್ಟದ ಮೇಲಿನ ಡಬ್ಬಗಳಿಗೆ ಹೆಸರು ಹೇಳಬಲ್ಲ ಹಿರಿಯರಲ್ಲಿ ಮೂವರು ಈಗ ಇದೇ ಸಭಾಂಗಣದ ಮೊದಲ ಸಾಲಿನಲ್ಲಿ ಕುಳಿತಿದ್ದಾರೆ. ಕಾರ್ಯಕ್ರಮ ಮುಗಿದ ಮೇಲೆ ವಿದ್ಯಾರ್ಥಿಗಳು ಊಟಕ್ಕೆ ಹೋಗುವ ಮುಂಚೆ ಅವರ ವಿಳಾಸ ಬರೆದುಕೊಂಡು, ಯಾವ ದಿನ ಬರಬಹುದೆಂದು ಕೇಳಿಕೊಳ್ಳಬೇಕೆಂದು ಕೋರುತ್ತೇನೆ.